ಮಾತಾಡದ ಎಂಜಿನಿಯರ್: ಬೆಂಜಮಿನ್ ವುಡ್‌ವರ್ಡ್

ಡಬ್ಲಿನ್ ನಗರದ ಟ್ರಿನಿಟಿ ಕಾಲೇಜಿನಲ್ಲಿ ಮ್ಯೂಸಿಯಂ ಬಿಲ್ಡಿಂಗ್ ಅಂತ ಒಂದು ಕಟ್ಟಡ ಇದೆ. ಹೆಸರು ಮ್ಯೂಸಿಯಂ, ಆದರೆ ಒಳಗಿರೋದು ಸಿವಿಲ್ ಎಂಜಿನಿಯರಿಂಗ್ ಮತ್ತು ಭೂವಿಜ್ಞಾನ. ಬಾಗಿಲು ದಾಟಿದ ಕೂಡಲೇ ಎರಡು ಜಿಂಕೆಗಳ ಅಸ್ಥಿಪಂಜರ ನಿಂತಿವೆ. ಸಾವಿರಾರು ವರ್ಷಗಳ ಹಿಂದೆ ಅಳಿದುಹೋದ ಐರಿಷ್ ದೈತ್ಯ ಜಿಂಕೆಗಳವು, ಕೊಂಬಿನ ಅಗಲ ಒಂದಾಳುದ್ದಕ್ಕಿಂತ ಹೆಚ್ಚು. ಅವುಗಳ ಹಿಂದೆ ಹಸಿರು, ಕೆಂಪು, ಕಪ್ಪು ಅಮೃತಶಿಲೆಯ ಕಂಬಗಳು, ಎರಡೂ ಕಡೆ ಹತ್ತಿ ಹೋಗುವ ಕಲ್ಲಿನ ಮೆಟ್ಟಿಲು, ತಲೆಯ ಮೇಲೆ ಬಣ್ಣದ ಇಟ್ಟಿಗೆಯ ಎರಡು ಗುಮ್ಮಟ. ನಮ್ಮಲ್ಲಿ ಸಿವಿಲ್ ಬ್ಲಾಕ್ ಅಂದರೆ ಕಣ್ಣ ಮುಂದೆ ಬರೋದೇ ಬೇರೆ, ಬಿಡಿ.

ಈ ಕಟ್ಟಡಕ್ಕೆ ರೂಪ ಕೊಟ್ಟವನು ತರಬೇತಿಯಿಂದ ಸಿವಿಲ್ ಎಂಜಿನಿಯರ್. ಹೆಸರು ಬೆಂಜಮಿನ್ ವುಡ್‌ವರ್ಡ್. ವಿಕ್ಟೋರಿಯಾ ರಾಣಿಯ ಕಾಲದ ಐರ್ಲೆಂಡಿನಲ್ಲಿ ಚರ್ಚು, ಕಾಲೇಜು, ಹಳ್ಳಿಗಾಡಿನ ಬಂಗಲೆ ಕಟ್ಟಿದ ವಾಸ್ತುಶಿಲ್ಪಿಗಳು ಬೇಕಾದಷ್ಟು ಜನ ಇದ್ದರು. ಇವನಿಗಿಂತ ಹೆಚ್ಚು ಕಟ್ಟಿದವರಿದ್ದಾರೆ, ಹೆಚ್ಚು ದುಡ್ಡು ಮಾಡಿದವರಿದ್ದಾರೆ. ಆದರೂ ನಾವು ಇವನನ್ನೇ ಆರಿಸಿಕೊಂಡದ್ದಕ್ಕೆ ಕಾರಣ ಅವನು ಎಂಜಿನಿಯರ್ ಅನ್ನೋದು ಮಾತ್ರ ಅಲ್ಲ. ಈ ಮನುಷ್ಯ ತನ್ನ ಬಗ್ಗೆ ಬಾಯಿ ಬಿಟ್ಟು ಹೇಳಿಕೊಂಡದ್ದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಸಂಜೆ ಪೂರ್ತಿ ಗೆಳೆಯರ ನಡುವೆ ಕೂತು ಒಂದು ಮಾತೂ ಆಡದೆ ಎದ್ದು ಹೋಗುತ್ತಿದ್ದ ಅಂತ ಅವನನ್ನು ಕಂಡವರೆಲ್ಲ ನೆನಪಿಸಿಕೊಂಡಿದ್ದಾರೆ. ಅಂಥವನು ತನ್ನ ಕೆಲಸದ ಜಾಗದಲ್ಲಿ ಕಲ್ಲು ಕೆತ್ತುವವರಿಗೆ ಮಾತ್ರ ಬೇಕಾದ್ದನ್ನು ಹೇಳುವ ಸ್ವಾತಂತ್ರ್ಯ ಕೊಟ್ಟ. ಅದರಿಂದ ಒಳ್ಳೆಯದೂ ಆಯಿತು, ರಗಳೆಯೂ ಆಯಿತು.

ಹುಟ್ಟಿದ್ದು 1816ರ ನವೆಂಬರ್‌ನಲ್ಲಿ, ಐರ್ಲೆಂಡಿನ ನಟ್ಟನಡುವಿನ ಟಲ್ಲಮೋರ್ ಎಂಬ ಊರಲ್ಲಿ. ತಂದೆ ಸೇನೆಯ ಕೆಲಸದಲ್ಲಿದ್ದವರು. ಬಾಲ್ಯದ ಬಗ್ಗೆ ಹೇಳೋದಕ್ಕೆ ಹೆಚ್ಚೇನೂ ಇಲ್ಲ. ಎಂಜಿನಿಯರಿಂಗ್ ಕಲಿತ, ಆದರೆ ಮನಸ್ಸು ಹೋದದ್ದು ಹಳೆಯ ಕಟ್ಟಡಗಳ ಕಡೆ. ಟಿಪ್ಪರೇರಿ ಪ್ರಾಂತದಲ್ಲಿ ಹೋಲಿಕ್ರಾಸ್ ಅಂತ ಒಂದು ಮಧ್ಯಯುಗದ ಮಠ ಇದೆ, ಅವನ ಕಾಲಕ್ಕೆ ಚಾವಣಿ ಇಲ್ಲದ ಪಾಳು. ವುಡ್‌ವರ್ಡ್ ಅಲ್ಲಿಗೆ ಹೋಗಿ ಒಂದೊಂದೇ ಕಮಾನು, ಒಂದೊಂದೇ ಕಿಟಕಿ ಅಳತೆ ತೆಗೆದು ಚಿತ್ರ ಬಿಡಿಸಿದ. ಆ ಚಿತ್ರಗಳು ಲಂಡನ್ನಿನಲ್ಲಿ ಪ್ರದರ್ಶನಕ್ಕೂ ಬಂದವು. ಸರ್ವೇ ಮಾಡಿದವರಿಗೆ ಗೊತ್ತು, ಟೇಪು ಹಿಡಿದು ಅಳೆದ ಗೋಡೆ ಬರೀ ಕಣ್ಣಲ್ಲಿ ನೋಡಿದ ಗೋಡೆಯ ಹಾಗಲ್ಲ, ಅದು ಕೈಗೆ ಹತ್ತಿಬಿಡುತ್ತೆ. ವುಡ್‌ವರ್ಡ್‌ನ ಗಾಥಿಕ್ ಬರೀ ಪುಸ್ತಕ ನೋಡಿ ಬಂದದ್ದಲ್ಲ ಅನ್ನೋದಕ್ಕೆ ಈ ಹೋಲಿಕ್ರಾಸ್ ಸಾಕ್ಷಿ.

1840ರ ದಶಕದ ನಡುವೆ ಅವನು ಕಾರ್ಕ್ ನಗರಕ್ಕೆ ಬಂದು ಸರ್ ಥಾಮಸ್ ಡೀನ್‌ನ ಕಚೇರಿ ಸೇರಿದ. ಡೀನ್ ಮನೆತನದವರು ಆ ಊರಿನ ದೊಡ್ಡ ಕಂತ್ರಾಟುದಾರರು. ಯಜಮಾನನಿಗೆ ಪ್ರಭಾವ ಇತ್ತು, ಸಂಪರ್ಕ ಇತ್ತು, ಸರ್ ಅನ್ನೋ ಬಿರುದೂ ಇತ್ತು. ಕೊರತೆ ಇದ್ದದ್ದು ಒಳ್ಳೆಯ ಡಿಸೈನರ್‌ಗೆ. ಆಗ ಸರ್ಕಾರ ಐರ್ಲೆಂಡಿನಲ್ಲಿ ಮೂರು ಹೊಸ ಕಾಲೇಜು ಕಟ್ಟಲು ಹೊರಟಿತ್ತು: ಬೆಲ್‌ಫಾಸ್ಟ್, ಗಾಲ್ವೇ, ಕಾರ್ಕ್. ಕಾರ್ಕಿನದು ಡೀನ್ ಕೈಗೆ ಬಂತು. ಲೀ ನದಿಯ ಒಂದು ಕವಲಿನ ಮೇಲೆ ಎದ್ದು ನಿಂತ ದಿಬ್ಬ, ಅದರ ಮೇಲೆ ಬಿಳಿಬೂದಿ ಸುಣ್ಣಕಲ್ಲಿನಲ್ಲಿ ಮೂರು ಕಡೆ ಕಟ್ಟಡ, ನಡುವೆ ಅಂಗಳ, ಮುಂದೆ ಗೋಪುರ. ಇವತ್ತಿಗೂ ಅದು ಆ ವಿಶ್ವವಿದ್ಯಾಲಯದ ಗುರುತಿನ ಚಿತ್ರ.

ಇಸವಿಗಳನ್ನು ಮಾತ್ರ ಗಮನಿಸಬೇಕು. ಆಲೂಗಡ್ಡೆಗೆ ರೋಗ ಬಂದದ್ದು 1845ರಲ್ಲಿ. ಕಾಲೇಜು ತೆರೆದದ್ದು 1849ರಲ್ಲಿ. ಅಂದರೆ ಆ ಅಂಗಳದ ಒಂದೊಂದು ಕಲ್ಲೂ ಎದ್ದದ್ದು ಮಹಾಕ್ಷಾಮದ ನಡುವೆ. ಸುಮಾರು ಹತ್ತು ಲಕ್ಷ ಜನ ಸತ್ತರು, ಅಷ್ಟೇ ಜನ ಅಥವಾ ಇನ್ನೂ ಹೆಚ್ಚು ಮಂದಿ ಹಡಗು ಹತ್ತಿ ದೇಶ ಬಿಟ್ಟರು. ಕಾರ್ಕ್ ಪ್ರಾಂತ ಬಹಳ ಪೆಟ್ಟು ತಿಂದ ಜಾಗಗಳಲ್ಲೊಂದು. ಆ ಹೊತ್ತಿನಲ್ಲಿ ಗಾಥಿಕ್ ಕಿಟಕಿ ಬೇಕಿತ್ತಾ ಅಂತ ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಕಲ್ಲು ಕಡಿಯುವವನಿಗೆ, ಗಾರೆಯವನಿಗೆ ಆ ಹೊತ್ತಿನಲ್ಲಿ ಕೂಲಿ ಅಂದರೆ ಏನು ಅನ್ನೋದೂ ಅಷ್ಟೇ ನಿಜ. ವುಡ್‌ವರ್ಡ್ ಇದರ ಬಗ್ಗೆ ಏನು ಯೋಚಿಸಿದನೋ, ಅವನು ಮಾತಾಡುವವನಲ್ಲವಲ್ಲ.

ಅಂದಹಾಗೆ ಆ ಕಾಲೇಜಿನ ಮೊದಲ ಗಣಿತ ಪ್ರೊಫೆಸರ್ ಯಾರು ಗೊತ್ತಾ? ಜಾರ್ಜ್ ಬೂಲ್. ನಾವು ಡಿಜಿಟಲ್ ಎಲೆಕ್ಟ್ರಾನಿಕ್ಸ್ ಪೇಪರಿನಲ್ಲಿ ಆಂಡ್, ಆರ್, ನಾಟ್ ಅಂತ ಬರೆಯುತ್ತೇವಲ್ಲ, ಆ ಬೂಲಿಯನ್ ಬೀಜಗಣಿತದ ಬೂಲ್. 1849ರಿಂದ 1864ರಲ್ಲಿ ಸಾಯುವ ತನಕ ಅವನು ಪಾಠ ಮಾಡಿದ್ದು ವುಡ್‌ವರ್ಡ್ ಬರೆದ ಗೋಡೆಗಳ ಒಳಗೆ. ಆಮೇಲೆ ಅಲ್ಲಿಯ ದೊಡ್ಡ ಸಭಾಂಗಣದಲ್ಲಿ ಬೂಲ್ ನೆನಪಿಗೆ ಬಣ್ಣದ ಗಾಜಿನ ಕಿಟಕಿ ಕೂಡಿಸಿದರು. ಅವನ ಹೆಂಡತಿ ಮೇರಿ, ನಮ್ಮ ದೇಶವನ್ನು ಅಳೆದ ಸರ್ವೇಯರ್ ಜಾರ್ಜ್ ಎವರೆಸ್ಟ್‌ನ ತಮ್ಮನ ಮಗಳು. ಇದು ವಿಷಯಕ್ಕೆ ಸಂಬಂಧವಿಲ್ಲ, ಆದರೆ ಬಿಡೋದಕ್ಕೆ ಮನಸ್ಸು ಬರಲಿಲ್ಲ.

1851ರಲ್ಲಿ ಡೀನ್ ತನ್ನ ಮಗ ಥಾಮಸ್ ನ್ಯೂಯೆನ್‌ಹ್ಯಾಮ್ ಡೀನ್‌ನನ್ನೂ ವುಡ್‌ವರ್ಡ್‌ನನ್ನೂ ಪಾಲುದಾರರನ್ನಾಗಿ ಮಾಡಿಕೊಂಡ. ಬೋರ್ಡಿನ ಮೇಲೆ ಡೀನ್ ಮೊದಲು, ಮಗ ಆಮೇಲೆ, ವುಡ್‌ವರ್ಡ್ ಕೊನೆಗೆ. ವ್ಯವಹಾರ ತಂದವರು ಡೀನರು, ಪೆನ್ಸಿಲ್ ಹಿಡಿದವನು ವುಡ್‌ವರ್ಡ್. ಆ ಹೊತ್ತಿಗೆ ಸರಿಯಾಗಿ ಇಂಗ್ಲೆಂಡಿನಲ್ಲಿ ಜಾನ್ ರಸ್ಕಿನ್ ಎಂಬ ವಿಮರ್ಶಕ ವೆನಿಸ್ ಕಟ್ಟಡಗಳ ಬಗ್ಗೆ ಮೂರು ಸಂಪುಟ ಬರೆದು ಎಲ್ಲರ ತಲೆ ಕೆಡಿಸಿದ್ದ. ಅವನ ವಾದ ಸಣ್ಣದಾಗಿ ಹೇಳಬೇಕೆಂದರೆ ಹೀಗೆ. ಮಧ್ಯಯುಗದ ಕಲ್ಲುಕುಟಿಗ ತನ್ನ ಮನಸ್ಸಿಗೆ ಬಂದದ್ದನ್ನು ಕೆತ್ತುತ್ತಿದ್ದ, ತಪ್ಪುತ್ತಿದ್ದ, ಆದರೆ ಅವನು ಮನುಷ್ಯನಾಗಿದ್ದ. ಈಗಿನ ಕುಶಲಕರ್ಮಿ ಯಾರೋ ಬರೆದ ಡ್ರಾಯಿಂಗ್ ನೋಡಿ ಸಾವಿರ ಸಲ ಅದನ್ನೇ ಕೆತ್ತುವ ಯಂತ್ರ. ಕೆಲಸ ನುಣುಪಾಗಿದೆ, ಕೆಲಸಗಾರ ಸತ್ತಿದ್ದಾನೆ. ಇದನ್ನು ಓದಿ ತಲೆದೂಗಿದವರು ಸಾವಿರಾರು ಮಂದಿ. ಓದಿ, ಸೈಟಿನಲ್ಲಿ ಮಾಡಿ ನೋಡಿದ ಮೊದಲಿಗರಲ್ಲಿ ಒಬ್ಬ ವುಡ್‌ವರ್ಡ್.

ಅದು ನಡೆದದ್ದು ಟ್ರಿನಿಟಿಯ ಮ್ಯೂಸಿಯಂ ಬಿಲ್ಡಿಂಗಿನಲ್ಲಿ, 1853ರಿಂದ 1857ರ ನಡುವೆ. ಒಳಗಿನ ಕೋಣೆಗಳ ಹಂಚಿಕೆಯಲ್ಲಿ ಕಾಲೇಜಿನದೇ ವಾಸ್ತುಶಿಲ್ಪಿ ಜಾನ್ ಮೆಕರ್ಡಿಯ ಕೈಯೂ ಇದೆ. ಯಾರದು ಎಷ್ಟು ಅನ್ನುವ ಜಗಳ ಆಗಲೇ ಶುರುವಾಗಿತ್ತು. ಆದರೆ ಹೊರಮೈಯ ದುಂಡು ಕಮಾನುಗಳು, ಆ ನಡುಮನೆ, ಆ ಬಣ್ಣ, ಇವೆಲ್ಲ ವುಡ್‌ವರ್ಡ್‌ನವು. ಒಂದು ವಿಷಯ ನಾವು ಎಂಜಿನಿಯರುಗಳಾಗಿ ಗಮನಿಸಬೇಕು. ಆ ನಡುಮನೆಯಲ್ಲಿ ಬಣ್ಣ ಬಳಿದದ್ದಲ್ಲ, ಕಟ್ಟಿದ್ದು. ಗುಮ್ಮಟದ ನೀಲಿ, ಕೆಂಪು, ಹಳದಿ ಇಟ್ಟಿಗೆಗಳದ್ದೇ ಬಣ್ಣ. ಕಂಬದ ಹಸಿರು ಕನ್ನೆಮಾರಾದ ಅಮೃತಶಿಲೆಯದು, ಕೆಂಪು ಕಾರ್ಕಿನ ಕಲ್ಲಿನದು. ಭೂವಿಜ್ಞಾನ ಕಲಿಸುವ ಕಟ್ಟಡದಲ್ಲಿ ಗೋಡೆಯೇ ಪಠ್ಯ. ಮಕ್ಕಳು ಕಂಬ ಮುಟ್ಟಿ ನೋಡಿ ಕಲ್ಲಿನ ಹೆಸರು ಹೇಳಬಹುದು. ಬಳಿದ ಬಣ್ಣ ಹತ್ತು ವರ್ಷಕ್ಕೆ ಉದುರುತ್ತೆ, ಇದು ನೂರ ಅರವತ್ತು ವರ್ಷ ದಾಟಿದೆ.

ಕಂಬಗಳ ತಲೆಯ ಕೆತ್ತನೆಗೆ ಬಂದವರು ಕಾರ್ಕ್ ಪ್ರಾಂತದ ಬ್ಯಾಲಿಹೂಲಿ ಎಂಬ ಹಳ್ಳಿಯ ಅಣ್ಣತಮ್ಮಂದಿರು, ಜೇಮ್ಸ್ ಮತ್ತು ಜಾನ್ ಓಶೇ. ವುಡ್‌ವರ್ಡ್ ಅವರಿಗೆ ಅಚ್ಚು ಕೊಡಲಿಲ್ಲ. ಕಂಬದ ತಲೆ ಎಷ್ಟು ಎತ್ತರ, ಎಷ್ಟು ಅಗಲ, ಭಾರ ಹೇಗೆ ಇಳಿಯಬೇಕು, ಅಷ್ಟು ಎಂಜಿನಿಯರ್ ನೋಡಿಕೊಂಡ. ಅದರೊಳಗೆ ಯಾವ ಎಲೆ, ಯಾವ ಹೂ, ಯಾವ ಹಕ್ಕಿ ಅನ್ನೋದು ಕುಟಿಗನ ಇಷ್ಟ. ಓಶೇಗಳು ನಿಜವಾದ ಗಿಡವನ್ನು ಮುಂದಿಟ್ಟುಕೊಂಡು ಕೆತ್ತಿದರು. ಒಂದರ ಹಾಗೆ ಇನ್ನೊಂದಿಲ್ಲ. ಎಲೆಗಳ ನಡುವೆ ಇಣುಕಿ ನೋಡುವ ಪ್ರಾಣಿಗಳೂ ಇವೆ. ರಸ್ಕಿನ್‌ಗೆ ಈ ಕಟ್ಟಡ ಬಹಳ ಹಿಡಿಸಿತು, ಅವನು ಬರೆದದ್ದನ್ನು ಯಾರೋ ನಂಬಿ ಕಟ್ಟಿದ್ದರಲ್ಲ.

ಮುಂದಿನದು ಆಕ್ಸ್‌ಫರ್ಡ್. ಹೆನ್ರಿ ಆಕ್ಲಂಡ್ ಎಂಬ ವೈದ್ಯ ಆ ವಿಶ್ವವಿದ್ಯಾಲಯಕ್ಕೆ ವಿಜ್ಞಾನದ ಮ್ಯೂಸಿಯಂ ಬೇಕು ಅಂತ ಹೋರಾಡಿ ಗೆದ್ದಿದ್ದ. ಪಾದ್ರಿಗಳೇ ತುಂಬಿದ್ದ ಆ ಊರಲ್ಲಿ ವಿಜ್ಞಾನಕ್ಕೆ ದುಡ್ಡು ಕೊಡಿಸೋದು ಸಣ್ಣ ಮಾತಲ್ಲ. 1854ರ ಸ್ಪರ್ಧೆಯಲ್ಲಿ ಡಬ್ಲಿನ್ನಿನಿಂದ ಹೋದ ಗಾಥಿಕ್ ಯೋಜನೆ ಗೆದ್ದಿತು, 1855ರ ಜೂನ್‌ನಲ್ಲಿ ಅಡಿಗಲ್ಲು ಬಿತ್ತು. ವುಡ್‌ವರ್ಡ್ ಓಶೇಗಳನ್ನು ಜೊತೆಯಲ್ಲೇ ಕರೆದುಕೊಂಡು ಹೋದ. ಅವರ ಅಕ್ಕನ ಮಗ ಎಡ್ವರ್ಡ್ ವೀಲನ್ ಕೂಡ ಸೇರಿಕೊಂಡ. ಸೈಟಿನಲ್ಲೇ ಕೆಲಸಗಾರರಿಗೆ ಊಟ ಮಾಡೋದಕ್ಕೆ, ಕೂರೋದಕ್ಕೆ ಒಂದು ಕೋಣೆ ಮಾಡಿದರು. ರಸ್ಕಿನ್ ಬಂದು ಅವರ ಮುಂದೆ ಭಾಷಣ ಮಾಡಿದ. ತಾನೇ ಒಂದು ಇಟ್ಟಿಗೆ ಕಂಬವನ್ನೂ ಕಟ್ಟಿದನಂತೆ, ಅದು ಸೊಟ್ಟಗಾಗಿ, ಅವನು ಆ ಕಡೆ ಹೋದ ಮೇಲೆ ಗಾರೆಯವರು ಸದ್ದಿಲ್ಲದೆ ಕೆಡವಿ ಮತ್ತೆ ಕಟ್ಟಿದರಂತೆ. ಕಥೆಯೇ ಇರಬಹುದು, ಆದರೆ ನಮಗೆ ನಂಬೋಣ ಅನಿಸುತ್ತೆ.

ಅಂಗಳದ ಸುತ್ತ ಇರುವ ಒಂದೊಂದು ಕಂಬವೂ ಬ್ರಿಟನ್, ಐರ್ಲೆಂಡಿನ ಬೇರೆಬೇರೆ ಕಲ್ಲು, ಕೆಳಗೆ ಕಲ್ಲಿನ ಹೆಸರು ಬರೆದಿದೆ. ಕಂಬದ ತಲೆಗೆ ಬೇಕಾದ ಗಿಡಗಳು ಊರಿನ ಸಸ್ಯೋದ್ಯಾನದಿಂದ ಬರುತ್ತಿದ್ದವು, ಓಶೇಗಳು ಅವನ್ನು ನೋಡಿಕೊಂಡು ಕೆತ್ತುತ್ತಿದ್ದರು. ಟ್ರಿನಿಟಿಯಲ್ಲಿ ಮಾಡಿದ್ದು ಇಲ್ಲಿ ಇನ್ನೂ ದೊಡ್ಡದಾಗಿ.

ಕಷ್ಟ ಬಂದದ್ದು ಎರಡು ಕಡೆಯಿಂದ. ಮೊದಲನೆಯದು ಚಾವಣಿ. ಅಂಗಳದ ಮೇಲೆ ಗಾಜಿನ ಮಾಡು, ಅದಕ್ಕೆ ಕಬ್ಬಿಣದ ಕಂಬ, ಕಬ್ಬಿಣದ ಕಮಾನು. ಕೆಲಸ ವಹಿಸಿಕೊಂಡವನು ಕಾವೆಂಟ್ರಿಯ ಸ್ಕಿಡ್ಮೋರ್, ಚರ್ಚುಗಳಿಗೆ ಸೊಗಸಾದ ಲೋಹದ ಕೆಲಸ ಮಾಡಿ ಹೆಸರಾದವನು. ಅವನು ಮೊದಲು ಮಾಡಿದ್ದು ಮೆದುಕಬ್ಬಿಣದಲ್ಲಿ, ಗಿಡದ ಕಾಂಡದ ಹಾಗೆ ತೆಳ್ಳಗೆ. ನೋಡೋದಕ್ಕೆ ಚೆನ್ನ. ಆದರೆ ಎಳೆತಕ್ಕೆ ಒಳ್ಳೆಯದಾದ ಮೆದುಕಬ್ಬಿಣವನ್ನು ಸಪೂರ ಕಂಬ ಮಾಡಿ ಮೇಲಿನಿಂದ ಒತ್ತಡ ಹೇರಿದರೆ ಏನಾಗುತ್ತೆ? ಮೂರನೇ ಸೆಮಿಸ್ಟರಿನವರೂ ಹೇಳಬಲ್ಲರು, ಬಾಗುತ್ತೆ. ಮಾಡು ತನ್ನ ಭಾರವನ್ನೇ ತಾನು ಹೊರಲಾರದೆ ಹೋಯಿತು. ಎಲ್ಲ ಬಿಚ್ಚಿ, ಎರಕದ ಕಬ್ಬಿಣದ ದಪ್ಪ ಕಂಬ ನಿಲ್ಲಿಸಿ, ಮೆದುಕಬ್ಬಿಣವನ್ನು ಎಲೆ, ಬಳ್ಳಿಯ ಅಲಂಕಾರಕ್ಕೆ ಉಳಿಸಿಕೊಂಡು ಮತ್ತೆ ಕಟ್ಟಿದರು. ಮೊದಲೇ ಬಿಗಿಯಾಗಿದ್ದ ಬಜೆಟ್ ಅಲ್ಲಿ ಹರಿದುಹೋಯಿತು. ಎಂಜಿನಿಯರಿಂಗ್ ಕಲಿತ ವುಡ್‌ವರ್ಡ್ ಈ ಜಾಗದಲ್ಲಾದರೂ ಬಾಯಿ ಬಿಡಬೇಕಿತ್ತು ಅಂತ ನಮಗನಿಸುತ್ತೆ. ಕಲ್ಲು ಕೆತ್ತುವವನಿಗೆ ಕೊಟ್ಟ ಸ್ವಾತಂತ್ರ್ಯವನ್ನೇ ಕಬ್ಬಿಣದವನಿಗೂ ಕೊಟ್ಟರೆ ಲೆಕ್ಕ ಬೇರೆಯಾಗುತ್ತೆ. ಎಲೆ ಸೊಟ್ಟಗಾದರೆ ಚೆಂದ, ಕಂಬ ಸೊಟ್ಟಗಾದರೆ ಕೆಳಗಿರುವವರ ತಲೆ.

ಎರಡನೆಯ ಕಷ್ಟ ಓಶೇಗಳದ್ದೇ. ಆಕ್ಲಂಡ್ ಆಮೇಲೆ ಹೇಳಿಕೊಂಡ ಕಥೆ ಇದು. ಜೇಮ್ಸ್ ಓಶೇ ಒಂದು ಕಿಟಕಿಯ ಸುತ್ತ ಕೋತಿಗಳನ್ನು ಕೆತ್ತುತ್ತಿದ್ದ. ವಿಶ್ವವಿದ್ಯಾಲಯದ ದೊಡ್ಡವರೊಬ್ಬರು ಬಂದು, ನಮ್ಮ ಆಸ್ತಿ ಹಾಳು ಮಾಡುತ್ತಿದ್ದೀಯ ಅಂತ ಗದರಿದರು. ಮರುದಿನ ನೋಡಿದರೆ ಕೋತಿಗಳು ಬೆಕ್ಕುಗಳಾಗುತ್ತಿದ್ದವು. ಅದಕ್ಕೂ ಬೈಗುಳ, ಕೆಲಸದಿಂದ ವಜಾ. ಆಕ್ಲಂಡ್ ಹೋಗಿ ನೋಡಿದರೆ ಕುಟಿಗ ಏಣಿ ಹತ್ತಿ ಮುಖ್ಯ ಬಾಗಿಲ ಕಮಾನಿಗೆ ಬಿರುಸಿನಿಂದ ಚಾಣ ಹೊಡೆಯುತ್ತಿದ್ದಾನೆ. ಏನು ಕೆತ್ತುತ್ತಿದ್ದಾನೆ? ಒಂದು ಗಿಳಿ, ಒಂದು ಗೂಬೆ, ಮತ್ತೆ ಗಿಳಿ, ಮತ್ತೆ ಗೂಬೆ. ವಿಶ್ವವಿದ್ಯಾಲಯದ ಆಡಳಿತ ಸಭೆಯ ಸದಸ್ಯರ ಚಿತ್ರವಂತೆ ಅದು! ಆಕ್ಲಂಡ್ ಗಾಬರಿಯಾಗಿ ತಲೆಗಳನ್ನು ಒಡೆಸಿಹಾಕಿದ. ಮುಂಡ ಮಾತ್ರ ಉಳಿದ ಆ ಆಕಾರಗಳನ್ನು ಬಾಗಿಲಲ್ಲಿ ಇವತ್ತೂ ನೋಡಬಹುದು.

ಕಥೆಗೆ ಉಪ್ಪುಖಾರ ಸೇರಿರಬಹುದು. ನಗು ಬರುತ್ತೆ ನಿಜ. ಆದರೆ ಹತ್ತು ಹನ್ನೆರಡು ವರ್ಷದ ಹಿಂದೆ ಕ್ಷಾಮ ಕಂಡ ಊರಿನಿಂದ ಬಂದ ಒಬ್ಬ ಐರಿಷ್ ಕುಟಿಗ, ಇಂಗ್ಲೆಂಡಿನ ಅತಿ ಹಳೆಯ ವಿಶ್ವವಿದ್ಯಾಲಯದ ಬಾಗಿಲಲ್ಲೇ ಅದರ ಯಜಮಾನರನ್ನು ಗಿಳಿ, ಗೂಬೆ ಮಾಡಿ ಕೂಡಿಸಿದ ಅನ್ನೋದು ಬರೀ ತಮಾಷೆ ಅಲ್ಲ. ಸ್ವಾತಂತ್ರ್ಯ ಅಂತ ಪುಸ್ತಕದಲ್ಲಿ ಬರೆದಾಗ ಎಲ್ಲರಿಗೂ ಇಷ್ಟ. ಕುಟಿಗ ಎಲೆ ಕೆತ್ತುವ ತನಕ ಅದು ಸ್ವಾತಂತ್ರ್ಯ, ತನಗನಿಸಿದ್ದನ್ನೇ ಕೆತ್ತಿದ ದಿನ ಕೆಲಸ ಹೋಯಿತು. ರಸ್ಕಿನ್ ಕೂಡ ಆ ಮೇಲೆ ಓಶೇಗಳ ಬಗ್ಗೆ ಅಷ್ಟು ಉದಾರವಾಗಿರಲಿಲ್ಲ, ಅವರ ಪ್ರತಿಭೆ ಒಪ್ಪಿದ, ಶಿಸ್ತು ಸಾಲದು ಅಂದ. ವುಡ್‌ವರ್ಡ್ ಮುಂದಿನ ಕೆಲಸಗಳಲ್ಲೂ ಕೆತ್ತನೆಗಾರರ ಕೈ ಕಟ್ಟಿಹಾಕಲಿಲ್ಲ.

ಅದೇ ಆಕ್ಸ್‌ಫರ್ಡಿನಲ್ಲಿ ವಿದ್ಯಾರ್ಥಿಗಳ ಯೂನಿಯನ್‌ಗೆ ಅವನು ಒಂದು ಚರ್ಚಾ ಸಭಾಂಗಣ ಕಟ್ಟಿದ. 1857ರಲ್ಲಿ ಅದರ ಗೋಡೆಗೆ ಚಿತ್ರ ಬರೆಯಲು ಅವನ ಗೆಳೆಯ ರೊಸೆಟ್ಟಿ, ಜೊತೆಗೆ ಆಗಿನ್ನೂ ಹುಡುಗರಾಗಿದ್ದ ವಿಲಿಯಂ ಮಾರಿಸ್, ಬರ್ನ್-ಜೋನ್ಸ್ ಬಂದರು. ಹೊಸ ಇಟ್ಟಿಗೆ ಗೋಡೆ, ಗಾರೆ ಇನ್ನೂ ಒಣಗಿಲ್ಲ, ಮೇಲೆ ಬರೀ ಸುಣ್ಣ, ಅದರ ಮೇಲೆ ನೇರವಾಗಿ ಬಣ್ಣ. ಕೆಲವೇ ವರ್ಷಕ್ಕೆ ಚಿತ್ರಗಳು ಮಂಕಾದವು. ಆರಂಭಿಸಿದ್ದ ಉತ್ಸಾಹದಲ್ಲಿ ಗೋಡೆ ಒಣಗುವ ತನಕ ಕಾಯುವವರು ಯಾರು!

ಇಷ್ಟು ಹೊತ್ತಿಗೆ ಅವನಿಗೆ ಕ್ಷಯ ಹತ್ತಿತ್ತು. ಆಶ್ಚರ್ಯ ಅಂದರೆ ಕೆಲಸ ಹೆಚ್ಚಾದದ್ದೂ ಇದೇ ವರ್ಷಗಳಲ್ಲಿ. ಡಬ್ಲಿನ್ ದಕ್ಷಿಣಕ್ಕೆ ಶ್ಯಾಂಕಿಲ್‌ನಲ್ಲಿ ಕ್ಲಾಂಟ್ರಾ ಎಂಬ ಹಳ್ಳಿಮನೆ, ಒಬ್ಬ ವಕೀಲರಿಗಾಗಿ. ಸಮುದ್ರ ಕಾಣಲಿ ಅಂತ ಮುಖ್ಯ ಕೋಣೆಗಳನ್ನೆಲ್ಲ ಮಹಡಿಗೆ ಏರಿಸಿದ, ಮೇಲೆ ಕಡಿದಾದ ಮಾಡು. ಒಳಗಿನ ಗೋಡೆಚಿತ್ರ ಬರೆದವನು ಅವನ ಗೆಳೆಯ ಜಾನ್ ಹಂಗರ್‌ಫರ್ಡ್ ಪೊಲೆನ್. ದೊಡ್ಡ ಜಮೀನುದಾರರ ಬಂಗಲೆಗಳ ಪಕ್ಕ ಇಟ್ಟರೆ ಕ್ಲಾಂಟ್ರಾ ಸಣ್ಣದು, ಆದರೆ ಆ ಕಾಲದ ಐರಿಷ್ ಮನೆಗಳಲ್ಲಿ ನಮಗೆ ವಾಸ ಮಾಡಬೇಕು ಅನಿಸೋದು ಇದರಲ್ಲೇ. ಅದೇ ಸೀಮೆಯಲ್ಲಿ ರಾತ್‌ಮೈಕಲ್‌ನ ಪ್ಯಾರಿಷ್ ಚರ್ಚು ಅವರ ಕಚೇರಿಯದೇ, ಮುಗಿಯುವಾಗ ಅವನಿರಲಿಲ್ಲ. ಕಿಲ್ಕೆನ್ನಿ ಕೋಟೆಯಲ್ಲಿ ಉದ್ದನೆಯ ಚಿತ್ರಶಾಲೆ. ಕಾರ್ಲೋ ಪ್ರಾಂತದ ಟಲ್ಲೋ ಹತ್ತಿರ ಕಟ್ಟಿದ ಸೇಂಟ್ ಆಸ್ಟಿನ್ಸ್ ಆಬಿ ಎಂಬ ಬಂಗಲೆ ಈಗ ಪಾಳು.

ಡಬ್ಲಿನ್ನಿನಲ್ಲಿ ಕಿಲ್ಡೇರ್ ಸ್ಟ್ರೀಟ್ ಕ್ಲಬ್ ಎದ್ದದ್ದೂ ಆಗಲೇ, ಕೆಂಪು ಇಟ್ಟಿಗೆಯಲ್ಲಿ. ಜಮೀನುದಾರರು ಕೂತು ಪತ್ರಿಕೆ ಓದುವ, ಇಸ್ಪೀಟು ಆಡುವ ಜಾಗ. ಅದರ ಕಿಟಕಿಕಂಬಗಳ ಬುಡದಲ್ಲಿ ನೋಡಿದರೆ ಕೋತಿಗಳು ಬಿಲಿಯರ್ಡ್ಸ್ ಆಡುತ್ತಿವೆ! ಕೆತ್ತಿದವರು ಓಶೇಗಳೋ, ಹ್ಯಾರಿಸನ್ ಎಂಬ ಇನ್ನೊಬ್ಬನೋ ಅಂತ ವಿದ್ವಾಂಸರು ಇನ್ನೂ ವಾದ ಮಾಡುತ್ತಾರೆ. ಯಾರೇ ಆಗಿರಲಿ, ಆಕ್ಸ್‌ಫರ್ಡಿನಲ್ಲಿ ಓಡಿಸಿದ ಕೋತಿ ಡಬ್ಲಿನ್ನಿನಲ್ಲಿ ಬಂದು ಕೂತಿತು. ಜಮೀನುದಾರರು ಅದನ್ನು ಒಡೆಸಲಿಲ್ಲ. ಅವರಿಗೆ ಅರ್ಥವಾಯಿತೋ ಇಲ್ಲವೋ.

ಟ್ರಿನಿಟಿಯ ಹಳೆಯ ಗ್ರಂಥಾಲಯದ ಕಥೆ ಹೇಳದಿದ್ದರೆ ಆಗೋದಿಲ್ಲ. ಅಲ್ಲಿಯ ಲಾಂಗ್ ರೂಮ್ ಚಿತ್ರ ನೀವು ಎಲ್ಲೋ ನೋಡೇ ಇರುತ್ತೀರಿ, ಫೋನಿನ ವಾಲ್‌ಪೇಪರ್‌ನಲ್ಲಾದರೂ: ಎರಡೂ ಕಡೆ ಎರಡು ಮಹಡಿ ಎತ್ತರಕ್ಕೆ ಪುಸ್ತಕ, ಮೇಲೆ ಪೀಪಾಯಿಯನ್ನು ಸೀಳಿ ಬೋರಲು ಹಾಕಿದ ಹಾಗೆ ಮರದ ಚಾವಣಿ. ಮುನ್ನೂರು ವರ್ಷದಿಂದ ಹೀಗೇ ಇದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಇಲ್ಲ. 1712ರಿಂದ 1732ರ ತನಕ ಥಾಮಸ್ ಬರ್ ಕಟ್ಟಿದಾಗ ಇದ್ದದ್ದು ಒಂದೇ ಮಹಡಿಯ ಕಪಾಟು, ಮೇಲೆ ಚಪ್ಪಟೆ ಗಾರೆಯ ಚಾವಣಿ. 1801ರಿಂದ ಕಾನೂನಿನ ಪ್ರಕಾರ ಅಚ್ಚಾದ ಪುಸ್ತಕಗಳ ಪ್ರತಿ ಅಲ್ಲಿಗೆ ಬರಲು ಶುರುವಾಗಿ ಕಪಾಟು ತುಂಬಿತು, ಹಳೆಯ ಮಾಡಿನ ಮರವೂ ದುರ್ಬಲವಾಗಿತ್ತು. ಡೀನ್ ಮತ್ತು ವುಡ್‌ವರ್ಡ್ ಕಚೇರಿ ಚಾವಣಿ ಎತ್ತರಿಸಿ, ಕಮಾನು ಹೊಂದಿಸಿ, ಮೇಲೂ ಕಪಾಟು ಮಾಡಿತು. ಜಗತ್ತಿನ ಅತಿ ಹೆಚ್ಚು ಫೋಟೋ ತೆಗೆಸಿಕೊಂಡ ಕೋಣೆಗಳಲ್ಲಿ ಒಂದಕ್ಕೆ ಅದರ ಮುಖ ಕೊಟ್ಟ ಮನುಷ್ಯನ ಹೆಸರು ಫೋಟೋ ತೆಗೆಯುವವರಲ್ಲಿ ಎಷ್ಟು ಮಂದಿಗೆ ಗೊತ್ತು?

1860ರ ಜೂನ್ 30ರಂದು ಆಕ್ಸ್‌ಫರ್ಡ್ ಮ್ಯೂಸಿಯಂನಲ್ಲಿ ಡಾರ್ವಿನ್ನನ ಸಿದ್ಧಾಂತದ ಬಗ್ಗೆ ಬಿಷಪ್ ವಿಲ್ಬರ್‌ಫೋರ್ಸ್‌ಗೂ ಹಕ್ಸ್‌ಲಿಗೂ ಜಗತ್ತು ಮರೆಯದ ಆ ಜಟಾಪಟಿ ನಡೆಯಿತು. ಕಟ್ಟಡದ ಹೊರಗೆ ಕೋತಿ ಬೇಡ ಅಂದವರು ಒಳಗೆ ಅದನ್ನೇ ಹಿಡಿದುಕೊಂಡು ಕೂತರು. ವುಡ್‌ವರ್ಡ್ ಆಗ ಆರೋಗ್ಯ ಹುಡುಕಿಕೊಂಡು ಬಿಸಿಲು ದೇಶಗಳಲ್ಲಿ ಚಳಿಗಾಲ ಕಳೆಯುವ ಸ್ಥಿತಿಗೆ ಬಂದಿದ್ದ. ಮರುವರ್ಷ, 1861ರ ಮೇ 15ರಂದು, ಊರಿಗೆ ಮರಳುವ ದಾರಿಯಲ್ಲಿ ಫ್ರಾನ್ಸಿನ ಲಿಯಾನ್ ನಗರದಲ್ಲಿ ತೀರಿಕೊಂಡ. ವಯಸ್ಸು 44. ಮದುವೆ ಆಗಿರಲಿಲ್ಲ.

ಕಚೇರಿಯನ್ನು ಡೀನ್‌ನ ಮಗ ಮುಂದುವರಿಸಿದ, ಒಳ್ಳೆಯ ಕೆಲಸಗಳನ್ನೂ ಮಾಡಿದ, ಅವನಿಗೂ ಸರ್ ಬಿರುದು ಬಂತು. ವುಡ್‌ವರ್ಡ್‌ನ ಕಟ್ಟಡಗಳು ಒಂದೊಂದಾಗಿ ಸವೆದವು. ಲಂಡನ್ನಿನಲ್ಲಿ ಕಟ್ಟಿದ್ದ ವಿಮಾ ಕಚೇರಿ ಹೋಯಿತು, ಕಿಲ್ಡೇರ್ ಸ್ಟ್ರೀಟ್ ಕ್ಲಬ್ಬಿನ ಒಳಗಿನ ಭವ್ಯ ಮೆಟ್ಟಿಲನ್ನು 1970ರ ದಶಕದ ಆರಂಭದಲ್ಲಿ ಕಿತ್ತುಹಾಕಿದರು. ಹೊರಗಿನ ಕೋತಿಗಳು ಉಳಿದುಕೊಂಡಿವೆ.

ಆಕ್ಸ್‌ಫರ್ಡ್ ಮ್ಯೂಸಿಯಂನಲ್ಲಿ ಅಲೆಕ್ಸಾಂಡರ್ ಮನ್ರೋ ಎಂಬ ಶಿಲ್ಪಿ ಕೆತ್ತಿದ ವುಡ್‌ವರ್ಡ್‌ನ ಮುಖದ ಪದಕವಿದೆ. ಆದರೆ ಕಟ್ಟಡದ ಮುಂಭಾಗ ಇನ್ನೂ ಪೂರ್ತಿಯಾಗಿಲ್ಲ. ದುಡ್ಡು ಮುಗಿದ ದಿನ ಕೆಲಸ ನಿಂತಿತು. ಒಳಗೆ ಬಾಕಿ ಇದ್ದ ಕಂಬದ ತಲೆಗಳನ್ನು ಇಪ್ಪತ್ತನೇ ಶತಮಾನದ ಆರಂಭದಲ್ಲಿ ಬೇರೆಯವರು ಬಂದು ಕೆತ್ತಿದರು, ಮುಟ್ಟಿ ನೋಡಿದರೂ ನೋಡದಿದ್ದರೂ ವ್ಯತ್ಯಾಸ ತಿಳಿಯುತ್ತೆ ಅನ್ನುತ್ತಾರೆ ನೋಡಿದವರು. ಹೊರಗಿನ ಕಿಟಕಿಗಳಲ್ಲಿ ಕೆಲವಕ್ಕೆ ಬೆಕ್ಕು, ಎಲೆ, ಬಳ್ಳಿ ತುಂಬಿಕೊಂಡಿವೆ. ಪಕ್ಕದ ಕಿಟಕಿಯಲ್ಲಿ ಕುಟಿಗನಿಗಾಗಿ ಬಿಟ್ಟ ಕಲ್ಲು ಹಾಗೇ ಮೊಂಡಾಗಿ ಕೂತಿದೆ.